ವೆಲಿಂಗ್ಟನ್ನಿಗೆ ಹೋದ ಸ್ಟೀಲ್ ಡಬ್ಬಿ

ಬೆಳಗಿನ ಜಾವ ಐದು ಗಂಟೆಗೆ ಹುಣಸೂರು ಬಸ್ ನಿಲ್ದಾಣದ ಟ್ಯೂಬ್‌ಲೈಟಿನ ಕೆಳಗೆ ಕೂತು ಅತ್ತೆ ಮೂರನೆಯ ಸಲ ಬ್ಯಾಗಿನ ಜಿಪ್ ಎಳೆದು ಡಬ್ಬಿ ಎಣಿಸಿದಳು. ನಾಲ್ಕು ಸ್ಟೀಲ್ ಡಬ್ಬಿ. ಕೋಡುಬಳೆ, ನಿಪ್ಪಟ್ಟು, ಹುಚ್ಚೆಳ್ಳು ಚಟ್ನಿಪುಡಿ, ರಾಗಿ ಹುರಿಹಿಟ್ಟು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ದನ್ನೆಲ್ಲ ಹಿಂದಿನ ರಾತ್ರಿ ಬಿಚ್ಚಿ ಡಬ್ಬಿಗೆ ಸುರಿದಿದ್ದೆವು. ನೀಲಗಿರಿ ಜಿಲ್ಲೆಯ ಗಡಿಯಲ್ಲಿ ಪ್ಲಾಸ್ಟಿಕ್ ಬಾಟಲಿ, ಕವರು ಕಂಡರೆ ಇಳಿಸಿಕೊಳ್ಳುತ್ತಾರೆ ಎಂದು ಊರಿನ ಟೆಂಪೋ ಡ್ರೈವರ್ ಹೇಳಿದ್ದ. ಕಾರು ಮಾಡಿಕೊಂಡು ಹೋಗುವ ಮಾತೂ ಒಮ್ಮೆ ಬಂದಿತ್ತು. ಖಾಸಗಿ ಗಾಡಿಗಾದರೆ ಇ-ಪಾಸ್ ಮಾಡಿಸಬೇಕು, ಬಾಡಿಗೆಯೂ ಜಾಸ್ತಿ. ಬಸ್ಸೇ ಸೈ ಅಂದೆವು.

ಮಾವ ಬರಲಿಲ್ಲ. ಹೊಗೆಸೊಪ್ಪಿನ ನಾಟಿ ಮುಗಿದು, ಸತ್ತ ಸಸಿಗಳ ಜಾಗಕ್ಕೆ ಹೊಸ ಸಸಿ ಇಡುವ ಕೆಲಸ ನಡೆದಿತ್ತು. ಹಸು ಇವತ್ತೋ ನಾಳೆಯೋ ಕರು ಹಾಕುವಂತಿತ್ತು. "ನೀವು ಕಣ್ತುಂಬ ನೋಡ್ಕಂಡ್ ಬನ್ನಿ, ನಾನು ಫೋಟೋದಲ್ಲಿ ನೋಡ್ತೀನಿ" ಎಂದು ಬಸ್ ಹತ್ತಿಸಿ ಹೋದರು.

ನಾವು ಹೊರಟಿದ್ದು ವೆಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಲ್ ಸೆಂಟರಿಗೆ. ಅತ್ತೆಯ ಮಗ ಅಲ್ಲಿ ಅಗ್ನಿವೀರನಾಗಿ ತರಬೇತಿ ಮುಗಿಸುವವನಿದ್ದ. ಮೊದಲು 10 ವಾರದ ಮೂಲ ತರಬೇತಿ, ಆಮೇಲೆ 21 ವಾರದ ಮುಂದಿನ ತರಬೇತಿ, ಒಟ್ಟು 31 ವಾರ. ಅತ್ತೆ ಎಂದರೆ ನಮ್ಮಪ್ಪನ ತಂಗಿ. ಅವಳ ಮಗ ನನಗೆ ಭಾವ. ಡಿಗ್ರಿಗೆ ಸೇರಿದ ಮೇಲೆ ನಮ್ಮಿಬ್ಬರ ನಡುವೆ ಮಾತಾಯಿತು, ಆಮೇಲೆ ಎರಡು ಮನೆಗಳ ನಡುವೆ. ಎಲೆಯಡಿಕೆ ಬದಲಾಯಿಸಿರಲಿಲ್ಲ. ಅಗ್ನಿವೀರನಾಗಿ ಸೇನೆಗೆ ಸೇರುವ ಹುಡುಗ ಅವಿವಾಹಿತನಾಗಿರಬೇಕು, ನಾಲ್ಕು ವರ್ಷದ ಸೇವೆ ಮುಗಿಯುವ ತನಕ ಮದುವೆಯಾಗುವಂತಿಲ್ಲ. 2022ರಲ್ಲಿ ಅಗ್ನಿಪಥ ಯೋಜನೆ ಬಂದಾಗ ಟಿವಿಯಲ್ಲೆಲ್ಲ ಸಂಬಳದ ಮಾತು, ನಾಲ್ಕು ವರ್ಷ ಕಳೆದ ಮೇಲೆ ನೂರಕ್ಕೆ 25 ಮಂದಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆಂಬ ಮಾತು. ನಮ್ಮ ಮನೆಯಲ್ಲಿ ಮಾತ್ರ ಮದುವೆಯ ಷರತ್ತೇ ದೊಡ್ಡ ಮಾತಾಯಿತು. ಅಪ್ಪ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ "ಕಾಯೋಳು ನೀನು, ನೀನೇ ಹೇಳು" ಎಂದರು. ಕಾಯುತ್ತೇನೆ ಎಂದೆ. ಹೇಳಿದ್ದು ಒಂದು ಕ್ಷಣದಲ್ಲಿ. ಅದು ಎಷ್ಟು ಉದ್ದದ ಮಾತು ಎಂದು ಆಗ ಗೊತ್ತಿರಲಿಲ್ಲ.

ಮೈಸೂರಿನಲ್ಲಿ ಬಸ್ ಬದಲಾಯಿಸಿದಾಗ ಏಳು ಗಂಟೆ. ನಂಜನಗೂಡು ದಾಟಿ ಗುಂಡ್ಲುಪೇಟೆಯ ಕಡೆ ತಿರುಗಿದ ಮೇಲೆ ಎರಡೂ ಬದಿಗೆ ಕೆಂಪು ಹೊಲ. ಸೂರ್ಯಕಾಂತಿ, ಚೆಂಡುಹೂವು ಎಲ್ಲ ಇನ್ನೂ ಗೇಣುದ್ದದ ಹಸಿರು. ಅವು ಅರಳಿದಾಗ ದಾರಿಯಲ್ಲಿ ಹೋಗುವವರೆಲ್ಲ ಗಾಡಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ಹೊಲಗಳಿವು. ಅತ್ತೆ ಹೊಲದಾಕೆ, ಅವಳು ಮಣ್ಣನ್ನೇ ನೋಡುತ್ತಿದ್ದಳು. "ಒಳ್ಳೆ ಹದವಾಗಿ ಮಳೆ ಬಿದ್ದೈತೆ" ಅಂದಳು. ಒಂದು ಮೈಲಿ ಕಳೆದು, "ಅಲ್ಲೂ ಮಳೆ ಇರ್ತದೇನೋ, ಮೈದಾನ ಜಾರ್ತದೇನೋ" ಅಂದಳು.

ಈ ಏಳು ತಿಂಗಳಲ್ಲಿ ನಾನು ಅತ್ತೆಯ ಮನಸ್ಸನ್ನು ಹೀಗೆ ಓದಲು ಕಲಿತಿದ್ದೆ. ಮಳೆ ಎಂದರೂ ಅವನೇ, ಮುದ್ದೆ ಎಂದರೂ ಅವನೇ.

ತರಬೇತಿಗೆ ಹೋದ ಹುಡುಗರ ಫೋನು ವಾರವೆಲ್ಲ ಸಾಹೇಬರ ಹತ್ತಿರ ಜಮೆ. ಭಾನುವಾರ ಸ್ವಲ್ಪ ಹೊತ್ತು ಕೈಗೆ ಬರುತ್ತಿತ್ತು, ಕೆಲವು ಭಾನುವಾರ ಅದೂ ಇಲ್ಲ. ಅತ್ತೆಯ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಮಾತ್ರ. ಬೆಳಿಗ್ಗೆ ಒಂಬತ್ತರಿಂದಲೇ ಫೋನನ್ನು ಅಲ್ಲಿ ದೇವರಂತೆ ಇಟ್ಟು ನಾವೆಲ್ಲ ಸುತ್ತ ನಿಲ್ಲುತ್ತಿದ್ದೆವು. ರಿಂಗಾದರೆ ಸ್ಪೀಕರ್. ಮಾವ ಮಳೆ ಬೆಳೆಯ ಸುದ್ದಿ ಹೇಳುವರು. ಅತ್ತೆ ಏನು ತಿಂದೆ, ಕಾಲಿನ ಬೊಬ್ಬೆ ಒಣಗಿತೇ ಎಂದು ಕೇಳುವಳು. ಕೊನೆಗೆ ನನ್ನ ಸರದಿ. ಎಲ್ಲರ ಎದುರು ಏನು ಮಾತಾಡಲಿ? "ಹೆಂಗಿದ್ದೀಯ?" "ಹ್ಞೂಂ." "ಓದ್ತಾ ಇದ್ದೀಯ?" "ಹ್ಞೂಂ." ನನ್ನ ಪಾಲಿನ ಒಂದು ನಿಮಿಷದಲ್ಲಿ ಏಳೆಂಟು ಹ್ಞೂಂ. ಅವನಿಗೆ ಅವುಗಳ ವ್ಯತ್ಯಾಸ ತಿಳಿಯುತ್ತಿತ್ತು. ಒಂದು ಭಾನುವಾರ, "ಇದ್ಯಾಕೆ ಈ ಹ್ಞೂಂ ಸಣ್ಣಗೈತೆ?" ಎಂದ. ಜ್ವರ ಬಂದಿತ್ತು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಿದ ಮೇಲೆ ಬಸ್ಸಿನೊಳಗೆ ಗದ್ದಲ ತಾನಾಗಿ ಇಳಿಯಿತು. ಬಂಡೀಪುರದ ಕಾಡು ಮೊದಲ ಮಳೆಗೆ ಚಿಗುರಿತ್ತು. ಈ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಬಿಡುವುದಿಲ್ಲ, 2009ರಿಂದ ಹೀಗೆ. ಅದನ್ನು ಹೇಳಿದಾಗ ಅತ್ತೆ, "ಸರಿ ಮತ್ತೆ, ರಾತ್ರಿಯಾರ ಅವಕ್ಕೆ ಅಂತ ಇರಬೇಕಲ್ಲ" ಅಂದಳು. ರಸ್ತೆಯ ಪಕ್ಕದ ಹುಲ್ಲಿನಲ್ಲಿ ಜಿಂಕೆಗಳು ಬಸ್ಸಿಗೆ ತಲೆಯನ್ನೂ ಎತ್ತದೆ ಮೇಯುತ್ತಿದ್ದವು.

ಬರೆದರೆ ಪೂರ್ತಿ ಬರೆಯಬೇಕು. ನಾನು ಈ ಏಳು ತಿಂಗಳೂ ಶಾಂತವಾಗಿ ಕಾದವಳಲ್ಲ. ಮೂರನೆಯ ತಿಂಗಳಿಗೆ ಸಿಟ್ಟು ಬಂತು. ಹೋಗು ಎಂದವಳು ನಾನೇ, ಆದರೂ ಬಂತು. ಕಾಲೇಜಿನಲ್ಲಿ ಗೆಳತಿಯರು ಸಂಜೆ ಫೋನಿಗೆ ಕಿವಿ ಕೊಟ್ಟು ಗೋಡೆಗೆ ಒರಗಿ ಗಂಟೆಗಟ್ಟಲೆ ಮಾತಾಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಎರಡು ಭಾನುವಾರ ಅತ್ತೆಯ ಮನೆಗೆ ಹೋಗಲಿಲ್ಲ. ಓದುವುದಿದೆ ಎಂದೆ. ಎರಡನೆಯ ಭಾನುವಾರ ಸಂಜೆ ಅತ್ತೆ ತಾನೇ ಬಂದಳು, ಸೆರಗಿನ ತುಂಬ ಅವರೆಕಾಯಿ ಕಟ್ಟಿಕೊಂಡು. ಜನವರಿ, ಸೊಗಡಿನ ಕಾಲ. ಜಗಲಿಯ ಮೇಲೆ ಕೂತು ಇಬ್ಬರೂ ಬಿಡಿಸಿದೆವು, ಬಿಸಿನೀರಿಗೆ ಹಾಕಿದೆವು, ರಾತ್ರಿ ಊಟದ ಮೇಲೆ ಹಿತಕುತ್ತ ಕೂತೆವು. ಕಾಳಿನ ತುದಿಯನ್ನು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಚಿಮ್ಮುತ್ತದೆ. ಅರ್ಧ ಪಾತ್ರೆ ತುಂಬುವ ತನಕ ಅತ್ತೆ ಫೋನಿನ ಸುದ್ದಿಯನ್ನೇ ಎತ್ತಲಿಲ್ಲ. ಆಮೇಲೆ ತಲೆ ಎತ್ತದೆ ಹೇಳಿದಳು: "ನಾನೂ ಬಯ್ತೀನಿ ಕಣ್ ಮಗ ಅವುನ್ನ. ಕೊಟ್ಟಿಗೇಲಿ ಒಬ್ಳೇ ಇದ್ದಾಗ. ಬಯ್ದ್ರೆ ಹತ್ರ ಇದ್ದಂಗೆ ಆಯ್ತದೆ."

ಕಾಯುವವರು ನಗುನಗುತ್ತ ಇರಬೇಕು, ಧೈರ್ಯ ತುಂಬಬೇಕು ಎಂದು ಎಲ್ಲರೂ ಹೇಳುತ್ತಾರೆ. ಧೈರ್ಯಕ್ಕಿಂತ ನನಗೆ ಒದಗಿ ಬಂದದ್ದು ಬಯ್ಯಲು ಸಿಕ್ಕ ಆ ಅನುಮತಿ. ಮುಂದಿನ ಭಾನುವಾರ ಗೂಡಿನ ಮುಂದೆ ನಿಂತಾಗ ನನ್ನ ಹ್ಞೂಂ ಗಟ್ಟಿಯಾಗಿತ್ತು.

ತೆಪ್ಪಕಾಡಿನಲ್ಲಿ ಮೋಯಾರ್ ಹೊಳೆ ಕಂಡಿತು. ಅಲ್ಲಿಂದ ಎಡಕ್ಕೆ ಮಸಿನಗುಡಿಯ ಮೇಲೆ ಹೋಗುವ ಕಲ್ಹಟ್ಟಿ ದಾರಿ ಹತ್ತಿರ, ಆದರೆ 36 ಕಡಿದಾದ ತಿರುವು. ನಮ್ಮ ಬಸ್ಸು ಗೂಡಲೂರಿನ ದಾರಿ ಹಿಡಿಯಿತು. ಆನೆ ಶಿಬಿರದ ಬಳಿ ಮಾವುತನೊಬ್ಬ ಆನೆಯ ಕಿವಿಯ ಹಿಂದೆ ಉಜ್ಜುತ್ತಿದ್ದ. ಅತ್ತೆ ಕಿಟಕಿಯಿಂದಲೇ ಕೈ ಮುಗಿದಳು. ಭಾವನ ಟೋಪಿಯ ಬಿಲ್ಲೆಯಲ್ಲೂ ಆನೆ ಇದೆ ಎಂದು ನಾನು ನೆನಪಿಸಿದೆ. 1803ರಲ್ಲಿ ಅಸ್ಸಾಯಿಯ ಯುದ್ಧದಲ್ಲಿ ಗೆದ್ದದ್ದಕ್ಕೆ ಸಿಕ್ಕ ಗುರುತು ಅದು. ಆ ಯುದ್ಧ ಗೆದ್ದ ಆರ್ಥರ್ ವೆಲ್ಲೆಸ್ಲಿ ನಾಲ್ಕು ವರ್ಷ ಮುಂಚೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ವಿರುದ್ಧ ನಿಂತವನು. ಮುಂದೆ ಅವನೇ ವೆಲಿಂಗ್ಟನ್ನಿನ ಡ್ಯೂಕ್ ಆದ, ಈ ಬೆಟ್ಟದ ದಂಡಿನ ಊರಿಗೆ ಅವನ ಹೆಸರೇ ಬಂತು. ರೆಜಿಮೆಂಟು ಹುಟ್ಟಿದ್ದು 1758ರಲ್ಲಿ. ಮೈಸೂರಿನ ವಿರುದ್ಧ ಬಂದ ಮದ್ರಾಸಿನ ಪಡೆ, ಮೈಸೂರು ಸಂಸ್ಥಾನದ ಕಾಲಾಳುಗಳು, ಎಲ್ಲ ಕಾಲ ಉರುಳಿದಂತೆ ಒಂದೇ ಮನೆ ಸೇರಿದವು. ಸ್ವಾತಂತ್ರ್ಯದ ನಂತರ ಮೈಸೂರಿನ ಪಡೆ ಇದೇ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಹುಣಸೂರಿನ ಹುಡುಗ ಅಲ್ಲಿಗೆ ಹೋಗಿದ್ದು ಹೊಸ ದಾರಿಯಲ್ಲ.

ಊಟಿಯಲ್ಲಿ ಇಳಿದಾಗ ಮಧ್ಯಾಹ್ನ. 2,240 ಮೀಟರ್ ಎತ್ತರದ ಚಳಿ ಸೀರೆಯೊಳಗೆ ನುಗ್ಗಿತು. ಅಲ್ಲಿಂದ ಬೆಟ್ಟದ ರೈಲು. ಲವ್‌ಡೇಲ್, ಕೇತ್ತಿ, ಅರುವಂಕಾಡು, ಆಮೇಲೆ ವೆಲಿಂಗ್ಟನ್. ಕೇತ್ತಿಯಲ್ಲಿ ಒಬ್ಬ ಬಡಗ ಅಜ್ಜಿ ಹತ್ತಿ ನಮ್ಮೆದುರು ಕೂತರು. ಬಿಳಿ ಉಡುಗೆ, ತಲೆಗೆ ಬಿಳಿ ವಸ್ತ್ರ. ಅತ್ತೆ ಕನ್ನಡದಲ್ಲಿ, ಅಜ್ಜಿ ಬಡಗದಲ್ಲಿ. ಎರಡು ನಿಮಿಷ ತಡವರಿಸಿದ ಮೇಲೆ ಇಬ್ಬರೂ ನಿರಾಯಾಸವಾಗಿ ಮಾತಿಗಿಳಿದರು. ಹಾಲು, ಮನೆ, ಹಟ್ಟಿ, ಮಾತುಗಳೆಲ್ಲ ಒಂದೇ ಬಳ್ಳಿಯವು. ಅವರ ಹಿರಿಯರು ಮೈಸೂರು ಸೀಮೆಯಿಂದ ಬಂದವರೆಂದು ಬಡಗರು ಹೇಳಿಕೊಳ್ಳುತ್ತಾರೆ. ವೆಲಿಂಗ್ಟನ್ ಎಂಬ ಹೆಸರು ಬರುವ ಮೊದಲು ಆ ದಂಡಿನ ಜಾಗಕ್ಕೆ ಜಕ್ಕತಳ ಎನ್ನುತ್ತಿದ್ದರಂತೆ. ಅಜ್ಜಿಯ ಮಾತಿನಲ್ಲಿ ಇನ್ನೂ ಅದೇ ಹೆಸರು.

ಅಜ್ಜಿ ನಮ್ಮ ಬ್ಯಾಗಿನ ಕಡೆ ಕೈ ತೋರಿಸಿ ಏನೋ ಕೇಳಿದರು. ಮಗನನ್ನು ನೋಡಲು ಬಂದಿರಾ ಎಂಬ ಅರ್ಥ. ಹೇಗೆ ಗೊತ್ತಾಯಿತು ಎಂದರೆ, ವರ್ಷದಲ್ಲಿ ಹಲವು ಸಲ ಈ ರೈಲಿನಲ್ಲಿ ಡಬ್ಬಿ ಸದ್ದು ಮಾಡುವ ಬ್ಯಾಗು ಹಿಡಿದ ತಾಯಂದಿರು ಬರುತ್ತಾರಂತೆ. ಅವರ ಹಟ್ಟಿಗೆ ಬೆಳಿಗ್ಗೆ ದಂಡಿನ ಬ್ಯೂಗಲ್ ಕೇಳುತ್ತದೆ. ಅದನ್ನು ಕೇಳಿಯೇ ಅವರು ಒಲೆ ಹಚ್ಚುವುದು. ಅತ್ತೆ ಅವರ ಕೈ ಹಿಡಿದುಕೊಂಡಳು, ಇಳಿಯುವ ತನಕ ಬಿಡಲಿಲ್ಲ. ಏಳು ತಿಂಗಳು ತನ್ನ ಮಗನನ್ನು ಎಬ್ಬಿಸಿದ ಸದ್ದನ್ನು ದಿನವೂ ಕೇಳಿದವರು ಅವರು.

ವೆಲಿಂಗ್ಟನ್ ನಿಲ್ದಾಣದಲ್ಲಿ ಇಳಿದೊಡನೆ ಒಂದು ವಾಸನೆ ನನ್ನನ್ನು ನಿಲ್ಲಿಸಿತು. ಭಾವ ಒಂದೇ ಒಂದು ಸಲ ಇನ್‌ಲ್ಯಾಂಡ್ ಲೆಟರ್ ಬರೆದಿದ್ದ, ಒಳಗೆ ಉದ್ದನೆಯ ಒಂದು ಎಲೆ ಇಟ್ಟು. ನಮ್ಮೂರ ಕೆರೆ ಏರಿಯ ಹಿಂದೆಯೂ ಆ ಮರಗಳಿವೆ, ನಾವು ಅವಕ್ಕೆ ನೀಲಗಿರಿ ಎಂದೇ ಅನ್ನುವುದು. ರಾತ್ರಿ ಪಹರೆಗೆ ನಿಂತಾಗ ಈ ವಾಸನೆಗೆ ನಮ್ಮ ಕೆರೆ ಏರಿ ನೆನಪಾಗುತ್ತದೆ ಎಂದು ಬರೆದಿದ್ದ. ನಾನು ಆ ಎಲೆಯನ್ನು ನೋಟ್ಸಿನೊಳಗೆ ಇಟ್ಟು ಮೂಸಿ ಮೂಸಿ ವಾಸನೆಯೇ ಹೋಗಿತ್ತು. ಈಗ ಇಡೀ ಬೆಟ್ಟ ಆ ವಾಸನೆ.

ಕೂನೂರಿನ ಒಂದು ಸಣ್ಣ ಲಾಡ್ಜಿನಲ್ಲಿ ರಾತ್ರಿ ಕಳೆದು ಮರುದಿನ ಬೆಳಕು ಹರಿಯುವ ಮುಂಚೆ ಗೇಟಿನ ಮುಂದೆ ಸಾಲಿನಲ್ಲಿ ನಿಂತೆವು. ಮಲಯಾಳ, ತಮಿಳು, ತೆಲುಗು, ಕನ್ನಡ, ನಾಲ್ಕೂ ಮಾತು ಆ ಸಾಲಿನಲ್ಲಿ. ಎಲ್ಲರ ಕೈಯಲ್ಲೂ ಬ್ಯಾಗು. ಮೇಜಿನ ಮೇಲೆ ರಿಜಿಸ್ಟರ್. ಹೆಸರು, ಊರು, ಫೋನು, ನೋಡಲು ಬಂದವನ ಹೆಸರು, ಸಂಬಂಧ.

ಬರೆದುಕೊಳ್ಳುತ್ತಿದ್ದ ಹವಾಲ್ದಾರರು ನಮ್ಮ ಊರಿನ ಹೆಸರು ಕಂಡು ಕನ್ನಡಕ್ಕೆ ತಿರುಗಿದರು. ಉತ್ತರ ಕರ್ನಾಟಕದ ಮಾತು. ಅತ್ತೆಯ ಸಾಲಿನಲ್ಲಿ ತಾಯಿ ಎಂದು ಬರೆದರು. ಪೆನ್ನು ನನ್ನ ಸಾಲಿಗೆ ಬಂದು ಸಂಬಂಧದ ಮನೆಯ ಮೇಲೆ ನಿಂತಿತು.

"ಇವರ್ ಏನಾಗ್ಬೇಕ್ರಿ?"

ಬಾಯಿ ಒಣಗಿತು. ಏಳು ತಿಂಗಳು ಯಾರೂ ಕೇಳದ ಪ್ರಶ್ನೆ ಅದು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಸೊಸೆ ಕಣಪ್ಪ" ಅಂದಳು.

ಹವಾಲ್ದಾರರು ತಲೆ ಎತ್ತಿದರು. "ಸೊಸಿ ಅಂದ್ರ? ಮಗನ ಹೇಂತೇನ್ರಿ? ಅಗ್ನಿವೀರರು ಲಗ್ನ ಆಗಂಗಿಲ್ರೀ ತಾಯಿ."

ನನ್ನ ಎದೆ ಹೊಡೆದುಕೊಂಡದ್ದು ನನಗೇ ಕೇಳಿತು. ಒಂದು ಮಾತಿನಲ್ಲಿ ಅವನ 31 ವಾರವೂ ಹೋಗಿಬಿಡುವುದೇ? ಅತ್ತೆ ಮಾತ್ರ ಅಲುಗಲಿಲ್ಲ. "ನಮ್ಮಣ್ಣನ ಮಗಳು ಕಣಪ್ಪ. ಅಣ್ಣನ ಮಗಳೂ ಸೊಸೆನೇ, ಮಗನ ಹೆಂಡ್ತಿನೂ ಸೊಸೆನೇ. ನಮ್ಮ ಕಡೆ ಮಾತು ಒಂದೇಯ."

ಅವರು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಬ್ಯಾಗನ್ನು ನೋಡಿದರು. ಮುಖ ಮೃದುವಾಯಿತು. "ಸ್ವಾದರ ಸೊಸಿ. ಹೌದ್ರಿ, ನಮ್ಮ ಕಡೀನೂ ಹಂಗ ಅಂತೀವಿ." ಇಂಗ್ಲಿಷಿನಲ್ಲಿ ಕಸಿನ್ ಎಂದು ಬರೆದು ಒಳಗೆ ಬಿಟ್ಟರು.

ಆ ಇಂಗ್ಲಿಷ್ ಪದದಲ್ಲಿ ನಾನು ಎಲ್ಲೂ ಇರಲಿಲ್ಲ. ಅದು ಅಣ್ಣನೂ ಹೌದು, ತಂಗಿಯೂ ಹೌದು, ಯಾರೂ ಅಲ್ಲ. ಅತ್ತೆಯ ಪದದಲ್ಲಿ ನಾನು ಎರಡು ಸಲ ಇದ್ದೆ, ಇವತ್ತಿನವಳಾಗಿ ಒಮ್ಮೆ, ನಾಲ್ಕು ವರ್ಷದ ಆಚೆಯವಳಾಗಿ ಒಮ್ಮೆ. ಒಂದು ಸುಳ್ಳನ್ನೂ ಹೇಳದೆ ಅವಳು ನನ್ನನ್ನು ಆ ಗೇಟು ದಾಟಿಸಿದ್ದಳು. ನಾನು ಕನ್ನಡ ಐಚ್ಛಿಕ ಓದಿದವಳು. ಭಾಷೆಗೆ ಕೈಯಿದೆ, ಅದು ಬೆನ್ನ ಮೇಲೆ ಇಟ್ಟು ಮುಂದಕ್ಕೆ ನಡೆಸುತ್ತದೆ ಎಂದು ಅನ್ನಿಸಿದ್ದು ಅಂದೇ ಮೊದಲು.

ಮೈದಾನದಲ್ಲಿ ಮಂಜು. ಬ್ಯಾಂಡು ಕೇಳುತ್ತಿತ್ತು, ಬ್ಯಾಂಡಿನವರು ಕಾಣುತ್ತಿರಲಿಲ್ಲ. ಮಂಜು ಸರಿದಾಗ ಅವರಿದ್ದರು, ಸಾಲುಸಾಲಾಗಿ, ಒಬ್ಬನಂತೆ ಇನ್ನೊಬ್ಬ. ಅವನ ನಡಿಗೆ ಕಂಡರೆ ಸಾಕು, ಗುರುತು ಹಿಡಿಯುತ್ತೇನೆ ಎಂದು ನಂಬಿದ್ದೆ. ಎಡಗಾಲನ್ನು ಸ್ವಲ್ಪ ಎಳೆದು ಹಾಕುವ, ಸೈಕಲ್ ತುಳಿದು ತುಳಿದು ಬಂದ ನಡಿಗೆ. ಆ ನಡಿಗೆಯನ್ನು ಅವರು ತೆಗೆದುಹಾಕಿದ್ದರು. "ತೇಜ್ ಚಲ್" ಎಂದರೆ ಎಲ್ಲ ಕಾಲೂ ಒಂದೇ ಕಾಲು. ಅತ್ತೆ ಎರಡನೆಯ ಸಾಲಿನ ಒಬ್ಬನನ್ನು ತೋರಿಸಿ "ಅಗೋ ಅವ್ನೆ" ಎಂದು ಕಣ್ಣೊರೆಸಿಕೊಂಡಳು. ನಾನು ಇನ್ನೊಬ್ಬನನ್ನು ನೋಡಿ ಅಳುತ್ತಿದ್ದೆ. ಭಾವ ಮೂರನೆಯವನಾಗಿದ್ದ. ನಮ್ಮ ಕಣ್ಣೀರು ಯಾವ ತಾಯಿಯ ಮಕ್ಕಳಿಗೆ ಹೋಯಿತೋ. ನಮ್ಮವನನ್ನು ನೋಡಿಯೂ ಯಾರೋ ಅತ್ತಿರಬೇಕು.

ಧ್ವಜದ ಮುಂದೆ, ತಂತಮ್ಮ ಧರ್ಮಗ್ರಂಥದ ಮುಂದೆ ಪ್ರಮಾಣ ಮಾಡಿದರು. ಇದಕ್ಕೇ ಕಸಮ್ ಪರೇಡ್ ಎನ್ನುವುದು. ರೆಜಿಮೆಂಟಿನ ಧ್ಯೇಯವಾಕ್ಯ ಗೀತೆಯ ಮೂರನೆಯ ಅಧ್ಯಾಯದ್ದು, ತನ್ನ ಧರ್ಮದಲ್ಲಿ ಸಾಯುವುದೇ ಮೇಲು ಎಂಬ ಅರ್ಥದ್ದು. ಆಮೇಲೆ ಒಟ್ಟಿಗೇ ಕೂಗಿದರು: "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು!" ಹೊಡೆ, ಕೊಲ್ಲು ಎಂದು. ಅತ್ತೆಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಲ್ಲು ಎಂಬುದು ನಮ್ಮ ಮಾತೇ. ಕೋಳಿ ಕುಯ್ಯುವಾಗ ಹಿತ್ತಿಲಿಗೆ ಹೋಗಿಬಿಡುತ್ತಿದ್ದ ಹುಡುಗ ಆ ಕೂಗಿನೊಳಗೆ ಎಲ್ಲೋ ಇದ್ದ. ಅತ್ತೆಯ ಕೈ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿಯಿತು. ದೂರ ಎಂದರೆ ಹುಣಸೂರಿಗೂ ವೆಲಿಂಗ್ಟನ್ನಿಗೂ ನಡುವಿನ ರಸ್ತೆ ಎಂದು ತಿಳಿದಿದ್ದೆ. ನಾನಿಲ್ಲದ 31 ವಾರಗಳಲ್ಲಿ ಅವನು ಕಲಿತದ್ದು, ಅವನಿಲ್ಲದ 31 ವಾರಗಳಲ್ಲಿ ನಾನು ಕಲಿತದ್ದು, ಇವನ್ನು ಯಾವ ಬಸ್ಸು ದಾಟಿಸುತ್ತದೆ?

ಹೆತ್ತವರಿಗೆ ಗೌರವ ಪದಕ ಕೊಟ್ಟರು. ಸೆರಗಿನ ಮೇಲೆ ಪದಕ ಹೊತ್ತು ಅತ್ತೆ ಬಂದಾಗ ಅವಳ ಹಿಂದೆ ಅವನಿದ್ದ. ಮೊದಲು ಕಂಡದ್ದು ಕಿವಿಗಳು. ಬಿಸಿಲಿಗೆ ಸುಟ್ಟು ಸಿಪ್ಪೆ ಎದ್ದ ಕಿವಿಗಳು, ಬೋಳಿಸಿದ ತಲೆಯ ಪಕ್ಕ ಮಗುವಿನ ಕಿವಿಯಂತೆ ಎದ್ದು ಕಾಣುತ್ತಿದ್ದವು. ದನಿ ಒಡೆದಿತ್ತು, ಕೂಗಿ ಕೂಗಿ. "ಬಂದ್ಯಾ?" ಎಂದ.

"ಹ್ಞೂಂ."

ಹುಲ್ಲಿನ ಮೇಲೆ ಕೂತು ಡಬ್ಬಿ ತೆರೆದೆವು. ಅವನು ಬೆನ್ನು ನೆಟ್ಟಗಿಟ್ಟು ಕೂತ, ಕೋಡುಬಳೆಯನ್ನು ಎರಡು ನಿಮಿಷದಲ್ಲಿ ಮುಗಿಸಿದ. ತರಬೇತಿ ಕೊಡುವ ಉಸ್ತಾದರೊಬ್ಬರು ಹಾದುಹೋದರೆ ಬಾಯಲ್ಲಿ ತುತ್ತಿದ್ದಂತೆಯೇ ಎದ್ದು ನಿಂತ. ಹುರಿಹಿಟ್ಟಿನ ಡಬ್ಬಿಯನ್ನು ಬ್ಯಾರಕ್ಕಿನ ಗೆಳೆಯರಿಗೆ ಒಯ್ದು ಕೊಟ್ಟ. ಹದಿನೈದು ನಿಮಿಷದಲ್ಲಿ ಒಬ್ಬ ಹುಡುಗ ಓಡಿಬಂದು ಡಬ್ಬಿ ವಾಪಸ್ ಇಟ್ಟ. ಒಳಗೆ ಊಟಿ ವರ್ಕಿ ತುಂಬಿತ್ತು. ಬರಿ ಡಬ್ಬಿ ಕಳಿಸಬಾರದು ಅಂತ ಅಮ್ಮ ಹೇಳ್ತಾರೆ ಎಂದು ತಮಿಳಿನಲ್ಲಿ ಹೇಳಿ ಓಡಿಹೋದ.

ರಜೆ ಸಿಕ್ಕಿತ್ತು. ಮರುದಿನ ಮೂವರೂ ಒಂದೇ ಸೀಟಿನಲ್ಲಿ ಹಿಂತಿರುಗಿದೆವು, ಅವನ ಕಪ್ಪು ಟ್ರಂಕು ಡ್ರೈವರಿನ ಪಕ್ಕ. ಅತ್ತೆ ಕಿಟಕಿಗೆ, ಅವನು ನಡುವೆ, ನಾನು ಈಚೆ. ಗೂಡಲೂರು ದಾಟುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತು. ನಿದ್ದೆಯಲ್ಲೂ ಕೈಗಳು ಮುಷ್ಟಿ ಕಟ್ಟಿ ತೊಡೆಯ ಪಕ್ಕದಲ್ಲಿದ್ದವು. ಕೆಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಯಾರೋ ಸೀಟಿ ಊದಿದರು. ಅವನು ಧಡಕ್ಕನೆ ಎದ್ದ, ತಲೆ ಮೇಲಿನ ಕಂಬಿಗೆ ಬಡಿಯಿತು.

"ಬಂಡೀಪುರ ಕಣೋ ಭಾವ, ಕೂತ್ಕೊ."

ಕೂತ. ಸುತ್ತ ನೋಡಿದ. ಮುಷ್ಟಿ ನಿಧಾನವಾಗಿ ಬಿಚ್ಚಿಕೊಂಡಿತು. ಅಂಗೈಯಲ್ಲಿ ಹಗ್ಗದ ಗಾಯ ಒಣಗಿ ಗಟ್ಟಿಯಾದ ಗೆರೆ. ನಾನು ಅದರ ಮೇಲೆ ಬೆರಳಿಟ್ಟೆ. ಅತ್ತೆ ಕಿಟಕಿಯ ಆಚೆಯೇ ನೋಡುತ್ತಿದ್ದಳು, ಬೆರಳ ಗೆಣ್ಣುಗಳನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ಏನೋ ಲೆಕ್ಕ ಹಾಕುತ್ತ.

"ಏನತ್ತೆ?"

"ಇನ್ನು ನಾಕು ಹೊಗೆಸೊಪ್ಪು" ಅಂದಳು. "ಈ ವರ್ಷದ್ದು ನಾಟಿ ಆಗೈತಲ್ಲ. ಮೂರೂವರೆನೇ ಅನ್ಕೋ."